ಕಾವಲಿನವನ ಬುತ್ತಿ: ಮಲೆನಾಡಿನ ಅಡಿಕೆ ಕಾವಲು, ಮಾಳದಿಂದ ಸ್ವಿಚ್‌ವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆಗೆ ಕಳ್ಳರ ಕಾಟ ಮರದ ಮೇಲಿದ್ದಾಗಿನದಕ್ಕಿಂತ ಅಂಗಳಕ್ಕೆ ಬಂದ ಮೇಲೆ ಹೆಚ್ಚು. ಕೊನೆಗೌಡ ಮರವೇರಿ ಇಳಿಸಿದ ಹಸಿ ಗೊನೆಗೆ ತೂಕ ಜಾಸ್ತಿ, ಬೆಲೆ ಕಡಿಮೆ. ಅದನ್ನು ಕದ್ದವನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮೆಟ್ಟುಕತ್ತಿಯಲ್ಲಿ ಸುಲಿದು, ಚೊಗರು ರಸದಲ್ಲಿ ಬೇಯಿಸಿ ಚಪ್ಪರದ ಮೇಲೆ ಹರವಿದ ಕೆಂಪಡಿಕೆಯದು ಬೇರೆ ಮಾತು. ಮೂಟೆ ಕಟ್ಟಿದರೆ ನೇರ ಮಂಡಿಗೆ ಹೋಗುವ ಮಾಲು ಅದು. ಯಾರ ತೋಟದ್ದೆಂದು ಗುರುತು ಹಿಡಿಯುವಂತೆಯೂ ಇಲ್ಲ. ಒಳ್ಳೆಯ ಬಿಸಿಲಿದ್ದರೆ ಐದಾರು ದಿನ, ಮೋಡ ಕಟ್ಟಿದರೆ ಇನ್ನೂ ಹೆಚ್ಚು ದಿನ ಅದು ಬಯಲಿನಲ್ಲೇ ಇರಬೇಕು. ಅಷ್ಟು ರಾತ್ರಿ ಮನೆಯ ವರ್ಷದ ಗಳಿಕೆ ಆಕಾಶದ ಕೆಳಗೆ.

ಬಯಲುಸೀಮೆಯ ಊರಿನಂತೆ ಇಲ್ಲಿ ಕೇರಿಯಿಲ್ಲ. ಒಂದು ಕಣಿವೆಗೆ ಒಂದೋ ಎರಡೋ ಮನೆ, ಅದರ ಕೆಳಗೆ ತೋಟ, ಮೇಲೆ ಸೊಪ್ಪಿನಬೆಟ್ಟ. ರಾತ್ರಿ ಬೀದಿ ಸುತ್ತುವ ತಳವಾರನಿಗೆ ಇಲ್ಲಿ ಸುತ್ತಲು ಬೀದಿಯೇ ಇಲ್ಲ. ಹಾಗಾಗಿ ಕಾವಲು ಆಯಾ ಮನೆಯವರದೇ ಹೊಣೆ. ಈ ಸೀಮೆಯನ್ನಾಳಿದ ಕೆಳದಿಯ ಅರಸರು ಕೋಟೆಗಳನ್ನೂ ಘಟ್ಟದ ದಾರಿಗಳನ್ನೂ ಕಾದರು. ಅವರಲ್ಲೊಬ್ಬನಾದ ಶಿವಪ್ಪ ನಾಯಕ (ಆಳ್ವಿಕೆ 1645–60) ‘ಸಿಸ್ತು’ ಎಂಬ ಕಂದಾಯ ಪದ್ಧತಿ ತಂದು ತೋಟ ಗದ್ದೆಗಳ ತೆರಿಗೆ ನಿಗದಿ ಮಾಡಿದ. ಆದರೆ ಲೆಕ್ಕಕ್ಕೆ ಸಿಕ್ಕ ಅಡಿಕೆಯನ್ನು ರಾತ್ರಿ ಕಾಯುವ ಕೆಲಸ ಅರಮನೆಯದಾಗಲಿಲ್ಲ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ. ಹೊಸನಗರ ತಾಲ್ಲೂಕಿನ ಇಂದಿನ ‘ನಗರ’ ಎಂಬ ಊರು ಅದೇ. ರಾಜ್ಯ ಕೈ ಬದಲಾದರೂ ಕಾಯುವವರು ಬದಲಾಗಲಿಲ್ಲ.

ಕಾವಲಿನ ಹಳೆಯ ರೂಪ ಮಾಳ. ನಾಲ್ಕು ಕಂಬ ಹುಗಿದು, ಆಳೆತ್ತರದಲ್ಲಿ ಅಡಿಕೆ ದಬ್ಬೆಯ ಅಟ್ಟ ಕಟ್ಟಿ, ಮೇಲೆ ಹುಲ್ಲೋ ಸೋಗೆಯೋ ಹೊದೆಸಿದರೆ ಮಾಳವಾಯಿತು. ಗದ್ದೆಯ ಮಾಳ ಹಂದಿಯಿಂದ ಬೆಳೆ ಕಾಯಲು, ಅಂಗಳದ ಜಗಲಿ ಅಡಿಕೆ ಕಾಯಲು. ಕೆಳಗೆ ಬೆಂಕಿ, ಕೈಗೆಟುಕುವಲ್ಲಿ ತಗಡಿನ ಡಬ್ಬ, ಕಂಬಳಿ, ನಾಯಿ. ಈ ಸೀಮೆಯ ಕಾಡುದಾರಿಯಲ್ಲಿ ನಾಯಿಯ ಜೊತೆ ಎಷ್ಟು ದೊಡ್ಡದೆಂಬುದಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯ ನಾಯಿ ಹುಲಿಯನೇ ಸಾಕ್ಷಿ. ಏನಾದರೂ ಕಂಡರೆ ಮಾಳದವನು ಕೂಗು ಹಾಕುತ್ತಿದ್ದ, ಆಚೆ ದಿಬ್ಬದವನು ಮರುಕೂಗು ಕೊಡುತ್ತಿದ್ದ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಅನೇಕ ಮನೆಗಳಿಗೆ ಬಂತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವುದೂ ಇಲ್ಲಿನ ಒಂದು ವಾಡಿಕೆಯೇ ಆಗಿದೆ.

ಮಾಳದ ಕಾವಲಿಗೆ ಎರಡು ಅನುಕೂಲ ಬೇಕಿತ್ತು. ಕಾಯುವವನಿಗೆ ರಾತ್ರಿಯ ಬುತ್ತಿ ತಲುಪಬೇಕು; ಅವನು ಕಂಡದ್ದು ಮನೆಗೆ ತಲುಪಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮಾಳ ಬರಿದಾದಂತೆಯೇ.

ಬುತ್ತಿ ಬೇಡದ ಕಾವಲೂ ಒಂದಿತ್ತು. ತೋಟದ ಮೂಲೆಯ ಚೌಡಿ, ಭೂತಪ್ಪ, ಜಟಕ ಇವರೆಲ್ಲ ಎಲ್ಲೆ ಕಾಯುವ ದೈವಗಳು. ವರ್ಷಕ್ಕೊಮ್ಮೆ ಹಣ್ಣುಕಾಯಿಯೋ ಕೋಳಿಯೋ ಸಂದರೆ ಸಾಕು. ಇವರಲ್ಲಿ ಸಾಗರ ತಾಲ್ಲೂಕಿನ ಸಿಗಂದೂರು ಚೌಡೇಶ್ವರಿಯ ಹೆಸರು ನಾಡಿನ ಉದ್ದಗಲಕ್ಕೂ ಹಬ್ಬಿತು. ಶರಾವತಿಯ ಹಿನ್ನೀರಿನ ಆಚೆ ದಡದ ಈ ದೇವಿ ಕಳವಿಗೆ ಶಿಕ್ಷೆ ಕೊಡುವವಳೆಂಬ ನಂಬಿಕೆ. ಈ ಜಾಗಕ್ಕೆ ಆಕೆಯ ರಕ್ಷಣೆಯಿದೆ ಎಂದು ಬರೆದ ಫಲಕಗಳು ತೋಟದ ಗೇಟಿನಲ್ಲಿ, ಅಂಗಡಿಯಲ್ಲಿ, ಹೊಸ ಮನೆಯ ಕಾಂಪೌಂಡಿನಲ್ಲಿ ತೂಗುತ್ತವೆ. ಈಗ ಅದೇ ಗೇಟಿನಲ್ಲಿ ಸಿಸಿಟಿವಿ ಕಣ್ಗಾವಲಿದೆ ಎಂಬ ಫಲಕವೂ ಕಂಡರೆ ನಗುವಂಥದ್ದೇನಿಲ್ಲ. ಎರಡರದ್ದೂ ಮೊದಲ ಕೆಲಸ ಕಳ್ಳನ ಮನಸ್ಸಿನಲ್ಲಿ ನಡೆಯುತ್ತದೆ.

ಅಡಿಕೆ ದಾಸ್ತಾನಿನ ಕಾವಲಿನಲ್ಲಿ ಸ್ವಲ್ಪ ಭಾಗವನ್ನು ಸಹಕಾರ ಸಂಘಗಳು ಮನೆಯವರಿಂದ ಇಳಿಸಿಕೊಂಡವು. ಶಿವಮೊಗ್ಗದ ಮ್ಯಾಮ್‌ಕೋಸ್, ಸಾಗರದ ಆಪ್ಸ್‌ಕೋಸ್‌ಗಳ ಗೋದಾಮಿಗೆ ಮೂಟೆ ಸೇರಿದ ಮೇಲೆ ಅಟ್ಟದ ಚಿಂತೆಯಿಲ್ಲ. ಚಪ್ಪರದ ಚಿಂತೆ ಮಾತ್ರ ಹಾಗೇ ಉಳಿಯಿತು. ಮಕ್ಕಳು ಓದಿ ಬೆಂಗಳೂರು ಸೇರಿ, ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಾಗ ಅದು ಇನ್ನಷ್ಟು ಹೆಚ್ಚಿತು.

ತಂತಿಯ ಕಾವಲು ಇಲ್ಲಿಂದ ಶುರು. ಅದಕ್ಕೆ ಮೊದಲು ಬೇಕಾದದ್ದು ಕರೆಂಟು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿ ನೀರಿನಡಿ ಹೋದವು. ನಾಡಿಗೆ ಬೆಳಕು ಕೊಟ್ಟ ಸೀಮೆಯಲ್ಲೇ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದು ಹಳೆಯ ಕಥೆ. ಆದರೆ ಕರೆಂಟು ಹೋದರೂ ಟೆಲಿಫೋನು ಮಾತಾಡುತ್ತಿತ್ತು. ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಮಾತು ಹರಿಯುವ ಅದೇ ಜೋಡಿ ತಂತಿಯಲ್ಲಿ ಬರುತ್ತಿದ್ದುದೇ ಇದಕ್ಕೆ ಕಾರಣ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗೆಂದೇ ರೂಪಿಸಿದ 128 ಲೈನುಗಳ ಎಕ್ಸ್‌ಚೇಂಜು ಮೊದಲು ನಿಂತದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ ಅಂಥ ಪುಟ್ಟ ಎಕ್ಸ್‌ಚೇಂಜುಗಳ ಮೂಲಕವೇ ನಾಡಿನ ಒಳಹಳ್ಳಿಗಳಿಗೆ ಫೋನು ಬಂತು.

ಕ್ಯಾಮೆರಾದ ಹಾದಿ ಬೇರೆ. ಜರ್ಮನಿಯ ಪೀನೆಮ್ಯುಂಡೆಯಲ್ಲಿ 1942ರಲ್ಲಿ ರಾಕೆಟ್ ಹಾರಿಕೆಯನ್ನು ದೂರದಿಂದ ನೋಡಲು ಬಳಸಿದ್ದನ್ನು ಮೊದಲ ಸಿಸಿಟಿವಿ ಎನ್ನುತ್ತಾರೆ. ಅದು ಬ್ಯಾಂಕಿಗೆ, ಮಂಡಿಗೆ, ಪೇಟೆಯ ಅಂಗಡಿಗೆ ಬಂದು, ಕೊನೆಗೆ ಅಡಿಕೆ ಅಂಗಳಕ್ಕೆ ಇಳಿಯಿತು. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿ, 30 ದಿನದ ದೃಶ್ಯ ಉಳಿಸಬೇಕೆಂದ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಿಂದ ಕ್ಯಾಮೆರಾ ಕೂರಿಸುವ ಕಸುಬಿಗೆ ಕೆಲಸ ಹೆಚ್ಚಿತು. ಮೊದಲು ಬಂದ ಅನಲಾಗ್ ಕ್ಯಾಮೆರಾಕ್ಕೆ ‘3+1’ ಕೇಬಲ್: ಒಂದು ಎಳೆಯಲ್ಲಿ ಚಿತ್ರ, ಉಳಿದವುಗಳಲ್ಲಿ 12 ವೋಲ್ಟ್ ಕರೆಂಟು, ಧ್ವನಿ. ಪೇಟೆಯ ಅಂಗಡಿಯೊಳಗೆ ಇದರಿಂದ ತೊಂದರೆಯಿಲ್ಲ. ಮನೆಯಿಂದ ಎಂಬತ್ತು ಮೀಟರು ದೂರದ ಚಪ್ಪರಕ್ಕೆ ಎಳೆದರೆ ತೆಳು ತಂತಿಯಲ್ಲೇ ವೋಲ್ಟೇಜು ಸೋರಿಹೋಗುತ್ತದೆ. ಹಗಲು ಹೇಗೋ ನಡೆಯುವ ಕ್ಯಾಮೆರಾ, ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿ ಕರೆಂಟು ಹೆಚ್ಚು ಎಳೆದ ಕೂಡಲೇ ಕಣ್ಣು ಮುಚ್ಚುತ್ತದೆ. ಕಾವಲಿನವನು ಹಗಲು ಎದ್ದು ರಾತ್ರಿ ಮಲಗಿದಂತೆ.

ಹಳೆಯ ಎಕ್ಸ್‌ಚೇಂಜಿನ ಉಪಾಯ ಇದಕ್ಕೆ ಮದ್ದಾಯಿತು. ಕಂಪ್ಯೂಟರುಗಳನ್ನು ಬೆಸೆಯುವ ಈಥರ್‌ನೆಟ್ 1973ರಲ್ಲಿ ಹುಟ್ಟಿತ್ತು. ಅದರ ಹಲವು ತಂತಿಗಳನ್ನು ಒಂದೆಡೆ ಬೆಸೆಯುವ ಪೆಟ್ಟಿಗೆಯೇ ಸ್ವಿಚ್ಚು; ಒಂದೊಂದು ತಂತಿ ಚುಚ್ಚುವ ಕಿಂಡಿ ಪೋರ್ಟು. ಮೊದಲ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’. ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಅವರ ಪತ್ನಿಯ ಹೆಸರದು. ಸ್ವೀಡನ್ನಿನ ಆಕ್ಸಿಸ್ ಕಂಪನಿ 1996ರಲ್ಲಿ ಇಂಥ ಜಾಲಕ್ಕೆ ನೇರ ಜೋಡಿಸುವ ನೆಟ್‌ವರ್ಕ್ ಕ್ಯಾಮೆರಾ ತಂದಿತು. 2003ರ 802.3ಎಎಫ್ ಮಾನದಂಡ ದತ್ತಾಂಶದ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸಲು ದಾರಿಮಾಡಿತು: ಸ್ವಿಚ್ಚಿನ ಒಂದು ಪೋರ್ಟಿಗೆ 15.4 ವ್ಯಾಟ್, ಕ್ಯಾಮೆರಾ ತಲುಪುವಾಗ 12.95. 2009ರ ಎಟಿ ಮಾನದಂಡ ಅದನ್ನು 30 ವ್ಯಾಟಿಗೆ, 2018ರ ಬಿಟಿ 90ಕ್ಕೆ ಏರಿಸಿತು. ವೋಲ್ಟೇಜು ಟೆಲಿಫೋನಿನದೇ, ಸುಮಾರು 48. ಹನ್ನೆರಡರ ನಾಲ್ಕು ಪಟ್ಟು ವೋಲ್ಟೇಜಿಗೆ ಕರೆಂಟು ಕಾಲುಭಾಗ ಸಾಕು. ಅದೇ ತಂತಿಯಲ್ಲಿ ಆಗುವ ನಷ್ಟ ಹದಿನಾರರಲ್ಲಿ ಒಂದು ಪಾಲು. ಬುತ್ತಿ ಹೋಗುವ ದಾರಿಯಲ್ಲೇ ಸುದ್ದಿ ಮರಳುತ್ತದೆ.

ಹೀಗೆ ಮಲೆನಾಡಿನ ಮನೆಯ ಜಗಲಿಯಲ್ಲಿ ಎಂಟು ಪೋರ್ಟಿನ ಪೆಟ್ಟಿಗೆಯೊಂದು ನೆಲೆಯಾಯಿತು. ಅದನ್ನು ಆರಿಸುವಾಗ ಪೋರ್ಟುಗಳನ್ನು ಎಣಿಸುವುದಕ್ಕಿಂತ ಒಟ್ಟು ವ್ಯಾಟ್ ನೋಡುವುದು ಮುಖ್ಯ. ಎಂಟು ಪೋರ್ಟಿಗೆ ಪೂರ್ತಿ 15.4ರಂತೆ ಕೊಟ್ಟರೆ 123 ವ್ಯಾಟ್ ಬೇಕು. ಅಗ್ಗದವು ಅದರ ಅರ್ಧವನ್ನಷ್ಟೇ ಕೊಡುವುದೂ ಉಂಟು. ಕ್ಯಾಮೆರಾ ರಾತ್ರಿ ಎಳೆಯುವ ವ್ಯಾಟನ್ನೇ ಕೂಡಿಸಿ, ಸ್ವಲ್ಪ ಉಳಿಕೆಯಿಟ್ಟು ಕೊಳ್ಳಬೇಕು. ತಿರುಗುವ ಕ್ಯಾಮೆರಾ ಇದ್ದರೆ ಎಟಿ ಪೋರ್ಟು ಬೇಕಾದೀತು. ವೇಗದ ಬಗ್ಗೆ ಅಂಗಡಿಯವರು ಹೇಳುವಷ್ಟು ಚಿಂತೆ ಬೇಡ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಸೆಕೆಂಡಿಗೆ ನಾಲ್ಕೈದು ಮೆಗಾಬಿಟ್ ಆದರೆ, ಎಂಟಕ್ಕೂ ಸೇರಿ ಹೆಚ್ಚೆಂದರೆ ನಲವತ್ತು; ಸಾಮಾನ್ಯ ಸ್ವಿಚ್ಚಿಗೆ ಅದು ಹೊರೆಯಲ್ಲ. ಮಾನದಂಡ ಪಾಲಿಸುವ ಸ್ವಿಚ್ಚು ಆಚೆ ತುದಿಯಲ್ಲಿರುವುದು ವಿದ್ಯುತ್ತು ಬೇಡುವ ಸಾಧನವೇ ಎಂದು ಪರೀಕ್ಷಿಸಿ ಆಮೇಲಷ್ಟೇ ಕರೆಂಟು ಬಿಡುತ್ತದೆ. ‘ಪ್ಯಾಸಿವ್’ ಎಂಬ ಹೆಸರಿನಲ್ಲಿ ಬರುವುದು ಗುರುತು ಕೇಳದೆ ಬಡಿಸುತ್ತದೆ. ತಪ್ಪು ಸಾಧನ ಚುಚ್ಚಿದರೆ ಸುಟ್ಟೇ ಹೋಗಬಹುದು.

ದೂರದ ಮಿತಿ ನೂರು ಮೀಟರು. ತೋಟದ ಕೆಳತುದಿ ಅದಕ್ಕಿಂತ ದೂರವಿರುವುದೇ ಹೆಚ್ಚು. 250 ಮೀಟರಿನ ‘ಎಕ್ಸ್‌ಟೆಂಡ್’ ಗುಂಡಿ ಅನೇಕ ಸ್ವಿಚ್ಚುಗಳಲ್ಲಿದೆ. ವೇಗ ಹತ್ತು ಮೆಗಾಬಿಟ್ಟಿಗೆ ಇಳಿದರೂ ಒಂದು ಕ್ಯಾಮೆರಾಕ್ಕೆ ಅದು ಸಾಕು. ಆದರೆ ಕೇಬಲ್ ಅಪ್ಪಟ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ಲಿನಲ್ಲಿ ಈ ಲೆಕ್ಕವೆಲ್ಲ ತಪ್ಪುತ್ತದೆ. ಒಂದೇ ಸ್ವಿಚ್ಚಿನಿಂದ ಎಲ್ಲ ಕ್ಯಾಮೆರಾ ಉಣ್ಣುವುದರಿಂದ, ಮನೆಯ ಇನ್ವರ್ಟರಿಗೆ ಸ್ವಿಚ್ಚು, ರೆಕಾರ್ಡರು ಎರಡನ್ನೂ ಜೋಡಿಸಿದರೆ ಕರೆಂಟು ಹೋದರೂ ಇಡೀ ಕಾವಲು ನಡೆಯುತ್ತದೆ. ಹಿನ್ನೀರಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲದ ಮನೆಗಳಲ್ಲೂ ರೆಕಾರ್ಡಿಂಗ್ ನಡೆಯುತ್ತದೆ. ಇಂಟರ್ನೆಟ್ ಬೇಕಾಗುವುದು ಬೆಂಗಳೂರಿನಲ್ಲಿ ಕೂತ ಮಗ ನಡುರಾತ್ರಿ ಫೋನ್ ಮಾಡಿ ‘ಅಪ್ಪಯ್ಯ, ಚಪ್ಪರದ ಹತ್ರ ಯಾರೋ ಇದ್ದ ಹಾಗಿದೆ’ ಎನ್ನುವುದಕ್ಕೆ.

ಸ್ವಿಚ್ಚಿನ ಶತ್ರುಗಳೂ ಸ್ಥಳೀಯವೇ. ಆಗುಂಬೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಅಲ್ಲಿನ ತೇವದಲ್ಲಿ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಬೆಚ್ಚಗಿನ ಪೆಟ್ಟಿಗೆಯೆಂದು ಇರುವೆ, ಹಲ್ಲಿ ಒಳಸೇರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಸಿಡಿಲು. ಅದು ಮರಕ್ಕೆ ಬಡಿದರೂ ಸಾಕು, ತೋಟದುದ್ದ ಎಳೆದ ತಾಮ್ರದ ತಂತಿಯಲ್ಲಿ ಹಾಯ್ದು ಬಂದು ಸ್ವಿಚ್ಚಿನ ಜೊತೆ ರೆಕಾರ್ಡರನ್ನೂ ಸುಡುತ್ತದೆ. ಗುಡುಗು ಕೇಳಿದ ಕೂಡಲೇ ಫೋನಿನ ತಂತಿ ಕೀಳುತ್ತಿದ್ದ ಹಿರಿಯರು ಈಗ ಸ್ವಿಚ್ಚಿನ ತಂತಿಗಳನ್ನೆಲ್ಲ ಕೀಳುತ್ತಾರೆ. ಆ ಹೊತ್ತಿಗೆ ಕಾವಲೂ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಈ ಉಪಾಯ ನಡೆದೀತು, ಏಕೆಂದರೆ ಆಗ ಚಪ್ಪರ ಖಾಲಿ. ಅಕ್ಟೋಬರಿನ ಹಿಂಗಾರು ಸಿಡಿಲು ಮಾತ್ರ ಅಡಿಕೆ ಕೊಯ್ಲಿನ ಆರಂಭಕ್ಕೇ ಬರುತ್ತದೆ. ಆದ್ದರಿಂದ ದೂರದ ಚಪ್ಪರಕ್ಕೆ ಮನೆಯಿಂದ ಲೋಹವಿಲ್ಲದ ಫೈಬರ್ ಎಳೆದು, ಅಲ್ಲಿ ಅರ್ಥಿಂಗ್ ಮಾಡಿದ ಪುಟ್ಟ ಸ್ವಿಚ್ಚು ಇಡುವ ಕ್ರಮ ಬಂದಿದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ಆದರೆ ಕರೆಂಟೂ ಹರಿಯದು. ಆ ಚಪ್ಪರದ ಸ್ವಿಚ್ಚಿಗೆ ಸೋಲಾರ್ ಪ್ಯಾನಲ್ಲು, ಬ್ಯಾಟರಿಯ ಬುತ್ತಿಯನ್ನು ಬೇರೆಯಾಗಿಯೇ ಕಟ್ಟಿಡಬೇಕು.