ಡ್ರೈವರ್ ಯಾರು?

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನಿಗೆ 17 ವರ್ಷ ಎಂದರು ಪೊಲೀಸರು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವಂತೆ ಮನೆಯವರು ಸಂಬಳದ ಡ್ರೈವರನ್ನು ಒತ್ತಾಯಿಸಿದರೆಂಬ ಇನ್ನೊಂದು ಕೇಸೂ ದಾಖಲಾಯಿತು.

ಸ್ಟೀರಿಂಗ್ ಹಿಡಿದವರೇ ಹೊಣೆ ಎಂಬುದು ಹಳೆಯ ಲೆಕ್ಕ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮು ಅದನ್ನು ಹಿಗ್ಗಿಸಿತು. ಅಪ್ರಾಪ್ತರು ಅಪರಾಧ ಮಾಡಿದರೆ, ತಮಗೆ ಗೊತ್ತಿರಲಿಲ್ಲವೆಂದು ಸಾಬೀತು ಮಾಡದ ಹೊರತು, ಪೋಷಕರು ಅಥವಾ ಮಾಲೀಕರೂ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕೀಲಿಕೈ ಕೊಟ್ಟವರೂ ಉತ್ತರ ಹೇಳಬೇಕೆಂದಾಯಿತು.

ತಾನೇ ಓಡುವ ಕಾರಿನ ಕೀಲಿಕೈ ಯಾರ ಹತ್ತಿರ ಇರುತ್ತದೆ? 2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್‌ನ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಜನ ದಾಟಿಯಾರು ಎಂಬುದನ್ನು ಅದರ ತಂತ್ರಾಂಶ ಲೆಕ್ಕಕ್ಕೇ ಇಟ್ಟಿರಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಆದರೂ ಕ್ರಿಮಿನಲ್ ಕೇಸು ಬಿದ್ದದ್ದು ಕಂಪನಿಯ ಮೇಲಲ್ಲ, ಕಾರಿನ ಮೇಲೆ ಕಣ್ಣಿಡಲು ಕೂರಿಸಿದ್ದ ನೌಕರಳ ಮೇಲೆ. 2023ರಲ್ಲಿ ಆಕೆ ತಪ್ಪೊಪ್ಪಿಕೊಂಡಳು.

ಪುಣೆಯ ಅಪಘಾತದ ಮರುದಿನವೇ, ಮೇ 20ರಂದು, ಬ್ರಿಟನ್ನಿನಲ್ಲಿ ಇಂಥ ವಾಹನಗಳ ಕಾಯ್ದೆಗೆ ಅರಸರ ಅಂಕಿತ ಬಿತ್ತು. ಕಾರು ತಾನೇ ಓಡುತ್ತಿರುವಾಗ ಅದರ ಚಾಲನೆಗೆ ಒಳಗೆ ಕೂತವರಲ್ಲ, ಅನುಮತಿ ಪಡೆದ ಕಂಪನಿ ಹೊಣೆ ಎನ್ನುತ್ತದೆ ಅದು.

ನಮ್ಮ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇರುವುದೂ ಪುಣೆಯಲ್ಲೇ. ಬ್ರೇಕು, ದೀಪಗಳ ಜೊತೆಗೆ ಇನ್ನೊಂದನ್ನೂ ಕೇಳುವ ಕಾಲ ಬರುತ್ತಿದೆ: ಅಪಘಾತವಾದರೆ ಉತ್ತರ ಹೇಳುವವರು ಯಾರು? ಆ ಹೆಸರು ಕಾರು ರಸ್ತೆಗಿಳಿಯುವ ಮೊದಲೇ ಕಾನೂನಿನಲ್ಲಿ ಇರಬೇಕು. ಇಲ್ಲದಿದ್ದರೆ ಹೊಣೆ ಹುಡುಕಿಕೊಂಡು ಹೋಗುವುದು ಸಂಬಳದ ಡ್ರೈವರನ್ನೇ.