ಹೆಸರಿಗೆ ಸೇರಿದ ಬಿರುದು

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಸರ್ಕಾರಿ ಬಸ್ಸಿನ ಮೈಮೇಲೆ ಒಂದು ಹಕ್ಕಿಯ ಗುರುತಿದೆ. ಒಡಲು ಒಂದು, ತಲೆ ಎರಡು. ಆ ದಾರಿಯಲ್ಲಿ ಹಲವು ವರ್ಷ ಶಾಲಾ ಉಪಾಧ್ಯಾಯನಾಗಿ ಓಡಾಡಿದ ನನಗೆ ಈ ಗಂಡಭೇರುಂಡವು ಕೆಂಪು ಮಣ್ಣಿನ ಧೂಳಿನಿಂದಲೋ ಮಳೆಗಾಲದ ಕೆಸರಿನಿಂದಲೋ ಅರ್ಧ ಮುಚ್ಚಿದ ರೂಪದಲ್ಲಿಯೇ ಹೆಚ್ಚು ಪರಿಚಿತ. ಇದೇ ಹಕ್ಕಿ 11ನೆಯ ಶತಮಾನದಲ್ಲಿ ಬಳ್ಳಿಗಾವಿಯ ಕಂಬದ ತುದಿಯನ್ನು ಏರಿತ್ತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದ ಮೇಲೆ ಹಾರಿತ್ತು. ಮೈಸೂರು ಅರಸರ ಲಾಂಛನವಾಗಿ ಸಿಂಹಾಸನದ ಸಮೀಪ ನಿಂತಿತ್ತು. ಇಂದು ರಾಜ್ಯ ಸರ್ಕಾರದ ಮುದ್ರೆಯಲ್ಲಿ, ಕೆಂಪು ಗುರಾಣಿಯ ನಡುವೆ, ಆನೆಯ ಮೋರೆಯ ಎರಡು ಸಿಂಹಗಳ ಕಾವಲಿನಲ್ಲಿ ಕುಳಿತಿದೆ. ಅರಸರ ಎದೆಯ ಮೇಲಿನ ಆಭರಣ ಬಸ್ಸಿನ ತಗಡಿಗೆ ಇಳಿದು ಬಂದದ್ದನ್ನು ಅವನತಿ ಎನ್ನಬೇಕೆ, ಬಡ್ತಿ ಎನ್ನಬೇಕೆ? ನಾನಂತೂ ಬಡ್ತಿ ಎಂದೇ ತಿಳಿದಿದ್ದೇನೆ.

ನಾಡು ತನಗೆ ಬೇಕಾದವರನ್ನು ಯಾವ ಗುರುತಿನಿಂದ ಗೌರವಿಸಿತು, ಆ ಗುರುತು ಎಷ್ಟು ದಿನ ಉಳಿಯಿತು ಎಂಬುದು ನನ್ನ ಇಂದಿನ ಮಾತಿನ ವಿಷಯ. ಬಿರುದುಬಾವಲಿ ಎಂದು ನಮ್ಮ ಹಿರಿಯರು ಒಟ್ಟಿಗೆ ಹೇಳುತ್ತಿದ್ದ ಸಂಗತಿ ಇದು.

ನಮ್ಮ ಶಾಸನಗಳಲ್ಲಿ ‘ಪಸಾಯ’ ಎಂಬ ಮಾತು ಬರುತ್ತದೆ. ಪ್ರಸಾದವೆಂಬುದರ ತದ್ಭವ ಅದು. ಅರಸನು ಮೆಚ್ಚಿ ಮೈಗೆ ತೊಡಿಸುವ ಉಡುಗೆ ತೊಡುಗೆಗಳನ್ನು ಹೊಯ್ಸಳರ ಕಾಲದವರು ಪಂಚಾಂಗಪಸಾಯವೆಂದರು. ಇದಲ್ಲದೆ ಹಣೆಗೆ ಕಟ್ಟುವ ಪಟ್ಟವಿತ್ತು, ಛತ್ರ ಚಾಮರ ಪಲ್ಲಕ್ಕಿಗಳಿದ್ದವು. ವೀರನಿಗೂ ವಿದ್ವಾಂಸನಿಗೂ ಕಾಲಿಗೆ ತೊಡಿಸುವ ಗಂಡಪೆಂಡೇರವಿತ್ತು. ಇಂದಿನ ಪದಕ ಎದೆಯ ಮೇಲೆ ತೂಗುತ್ತದೆ. ಪೆಂಡೇರವಾದರೋ ನಡೆದಾಗ ಸದ್ದು ಮಾಡುತ್ತಿತ್ತು. ಸನ್ಮಾನಿತನು ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತೆನ್ನಬೇಕು. ಆದರೆ ಆ ಪೆಂಡೇರಗಳೆಲ್ಲ ಎಲ್ಲಿ ಹೋದವು? ಚಿನ್ನ ಕರಗಿ ಬೇರೆ ಒಡವೆಯಾಯಿತು. ಉಳಿದದ್ದು ಮಾತು. ತೈಲಪನು ರನ್ನನಿಗೆ ಏನೇನು ಕೊಟ್ಟನೆಂಬುದನ್ನು ವಿದ್ವಾಂಸರು ಬಲ್ಲರು. ‘ಕವಿಚಕ್ರವರ್ತಿ’ ಎಂಬ ಒಂದು ಪದವನ್ನು ಕನ್ನಡ ಓದಿದವರೆಲ್ಲ ಬಲ್ಲರು.

ಚಾಮರಾಜನಗರವೆಂಬ ಹೆಸರಿನಲ್ಲಿಯೂ ಚಾಮರವೆಂಬ ರಾಜಲಾಂಛನದ ಧ್ವನಿಯಿದೆ. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಆ ಕಾರಣದಿಂದ 1818ರಲ್ಲಿ ಮಗನು ಊರಿಗೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದನು. ಅರಸನಾಗಿ ಅಧಿಕಾರ ನಡೆಸುವ ಭಾಗ್ಯ ಆ ತಂದೆಗೆ ಇರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಹೆಸರಿಗಷ್ಟೇ ಅರಸರಲ್ಲಿ ಒಬ್ಬರು ಅವರು. ಅಂಥವರಿಗೆ ಮಗನು ಒಂದು ಊರನ್ನೇ ಬಿರುದಾಗಿ ಕೊಟ್ಟನು ಎಂದರೆ ತಪ್ಪಾಗಲಾರದು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟರೆ ಸಿಗುವ ಹಂಗಳ, ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಬಹುಮಟ್ಟಿಗೆ ಬಂಧನದಲ್ಲಿದ್ದಂತೆ ಕಾಲ ಕಳೆದ ಊರು. ಆಗ ಜೊತೆಗಿದ್ದವರಲ್ಲಿ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಒಬ್ಬ. 1673ರಲ್ಲಿ ಚಿಕ್ಕದೇವರಾಜರಿಗೆ ಪಟ್ಟವಾದಾಗ ಪಂಡಿತನಿಗೆ ಪ್ರಧಾನಿ ಪದವಿ ದೊರಕಿತು. ಸ್ನೇಹಕ್ಕೂ ಯೋಗ್ಯತೆಗೂ ಸಂದ ಗೌರವ ಅದು. ಆದರೆ ತೆರಿಗೆಯ ಕಾಲದ ಕಹಿಯೆಲ್ಲ ಪ್ರಧಾನಿಯ ಮೇಲೆ ಬಂದು, ಆತ ಕೊಲೆಗೀಡಾದನು. ಅರಸರ ಮನ್ನಣೆಗೆ ಹೀಗೂ ಬೆಲೆ ತೆರಬೇಕಾಗುತ್ತಿತ್ತು.

ಅದೇ ಯಳಂದೂರಿನಿಂದ ಅದೇ ಅರಮನೆಗೆ ಬಂದ ಹೆಣ್ಣುಮಗಳೊಬ್ಬಳ ಕಥೆ ಬೇರೆ. ರಾಣಿ ದೇವಾಜಮ್ಮಣ್ಣಿಯವರ ಊಳಿಗದಲ್ಲಿದ್ದ ಹೊನ್ನಮ್ಮನ ಕೆಲಸ ಅಡಿಕೆಲೆಯ ಸಂಚಿಯನ್ನು ಹಿಡಿಯುವುದು. ಅವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಗುರು ಅಳಸಿಂಗರಾರ್ಯ ‘ಸರಸ ಸಾಹಿತ್ಯದ ವರದೇವತೆ’ ಎಂದು ಹೊಗಳಿದನು. ಒಳ್ಳೆಯ ಬಿರುದೇ. ಆದರೆ ನೋಡಿ, ಮೂರು ಶತಮಾನಗಳ ಮೇಲೆ ನಾವು ಅವಳನ್ನು ವರದೇವತೆ ಹೊನ್ನಮ್ಮ ಎನ್ನುವುದಿಲ್ಲ. ಸಂಚಿಯ ಹೊನ್ನಮ್ಮ ಎನ್ನುತ್ತೇವೆ. ಗುರು ಕೊಟ್ಟ ಬಿರುದು ಪಾಠಪುಸ್ತಕದ ಟಿಪ್ಪಣಿಯಲ್ಲಿ ನಿಂತಿತು. ಕೈಯಲ್ಲಿ ಹಿಡಿದ ಸಂಚಿ ಹೆಸರಿಗೆ ಸೇರಿತು. ಊಳಿಗದ ಗುರುತೇ ಗೌರವದ ಗುರುತಾಗಿಬಿಟ್ಟಿತು.

ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಸಂದದ್ದು ಸಂಚಿಯಂಥ ಸಣ್ಣ ವಸ್ತುವಲ್ಲ. ಯಳಂದೂರನ್ನೇ ಜಹಗೀರಾಗಿ ಬರೆದುಕೊಡಲಾಯಿತು. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ತಾವೂ ದಿವಾನರಾಗಿದ್ದರು. ಭೂಮಿಯ ರೂಪದ ಗೌರವಕ್ಕೆ ಮೊಮ್ಮಕ್ಕಳವರೆಗೆ ಫಲ ಕೊಡುವ ಗುಣವಿದೆ. ಒಕ್ಕಲುಗಳು ಅದನ್ನು ಹೇಗೆ ಕಂಡರೆಂಬುದು ಇನ್ನೊಂದು ಭಾಷಣದ ವಿಷಯ.

ಅರಮನೆಯ ಬಿರುದುಗಳು ಪೂರ್ಣ ವೈಭವಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ. ಬಸಪ್ಪಶಾಸ್ತ್ರಿಗಳು ‘ಅಭಿನವ ಕಾಳಿದಾಸ’ರಾದರು, ಶೇಷಣ್ಣನವರು ‘ವೈಣಿಕ ಶಿಖಾಮಣಿ’ಯಾದರು. ಶಾಸನ ಸಂಶೋಧನೆಗೆ ಆರ್. ನರಸಿಂಹಾಚಾರ್ಯರು ಪಡೆದದ್ದು ‘ಪ್ರಾಕ್ತನ ವಿಮರ್ಶ ವಿಚಕ್ಷಣ’ ಎಂಬ ಬಿರುದು. ಅದನ್ನು ಉಚ್ಚರಿಸುವುದಕ್ಕೇ ಸ್ವಲ್ಪ ವಿದ್ವತ್ತು ಬೇಕು. ಆಡಳಿತಗಾರರಿಗೆ ರಾಜಮಂತ್ರಪ್ರವೀಣ, ರಾಜಸೇವಾಸಕ್ತ, ದಾನಿಗಳಿಗೆ ಧರ್ಮಪ್ರಕಾಶ. ಅಧಿಕಾರದ ಏಣಿಗೆ ಎಷ್ಟು ಮೆಟ್ಟಿಲುಗಳಿದ್ದವೋ ಸಂಸ್ಕೃತದ ಸಮಾಸಗಳಿಗೂ ಅಷ್ಟೇ ಮೆಟ್ಟಿಲುಗಳಿದ್ದವು. ಇವು ಮುಂಬಾಗಿಲಿನ ಫಲಕಕ್ಕೆ, ಲಗ್ನಪತ್ರಿಕೆಗೆ, ಕಡೆಗೆ ಸಮಾಧಿಯ ಕಲ್ಲಿಗೂ ಹತ್ತಿದವು. ಬಿ. ಎಂ. ಶ್ರೀಕಂಠಯ್ಯನವರೂ ರಾಜಸೇವಾಸಕ್ತರೇ, ಆದರೆ ಕನ್ನಡಿಗರು ಅವರ ಹೆಸರನ್ನು ಹಿಗ್ಗಿಸಲಿಲ್ಲ, ಕುಗ್ಗಿಸಿದರು. ‘ಬಿಎಂಶ್ರೀ’ ಎಂಬ ಮೂರಕ್ಷರದಲ್ಲಿ ಇರುವ ಅಕ್ಕರೆ ಆ ದೊಡ್ಡ ಸಮಾಸದಲ್ಲಿ ಇಲ್ಲ.

ಗಣರಾಜ್ಯ ಬಂದಿತು. ಸೈನ್ಯದ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು ಬೇರಾವ ಬಿರುದನ್ನೂ ಪ್ರಭುತ್ವವು ಕೊಡಬಾರದೆಂದು ಸಂವಿಧಾನದ 18ನೆಯ ವಿಧಿ ಹೇಳಿತು. ಹೆಸರಿನ ಮುಂದಣ ಮೆಟ್ಟಿಲುಗಳನ್ನೆಲ್ಲ ತೆಗೆದು ಎಲ್ಲರನ್ನೂ ಒಂದೇ ನೆಲದಲ್ಲಿ ನಿಲ್ಲಿಸುವ ಉದ್ದೇಶ ಅದು. ಆದರೂ 1954ರಲ್ಲಿ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಂದವು. ಇವು ಬಿರುದುಗಳೇ ಅಲ್ಲವೆ ಎಂಬ ವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಇವು ಬಿರುದುಗಳಲ್ಲ, ಯೋಗ್ಯತೆಯ ಮನ್ನಣೆಗಳು. ಆದರೆ ಪಡೆದವರು ಹೆಸರಿನ ಹಿಂದೆ ಮುಂದೆ ಬರೆದುಕೊಳ್ಳಬಾರದು ಎಂದು 1995ರಲ್ಲಿ ತೀರ್ಪಾಯಿತು. ಪದಕವಿರಲಿ, ಫಲಕ ಬೇಡ ಎಂದಂತೆ. ಕಾನೂನಿನ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ನಾಲಗೆಯ ಮೇಲೆ ಕಾನೂನು ನಡೆಯುವುದು ಕಷ್ಟ. ಗೋವಿಂದ ಪೈ, ಕುವೆಂಪು, ಜಿ. ಎಸ್. ಶಿವರುದ್ರಪ್ಪ ಈ ಮೂವರನ್ನು ‘ರಾಷ್ಟ್ರಕವಿ’ ಎಂದು ಕರೆಯದೆ ನಮ್ಮ ಯಾವ ಸಭೆಯಾದರೂ ಮುಗಿದೀತೆ?

ಕರ್ನಾಟಕ ಸರ್ಕಾರದ ಅತ್ಯುನ್ನತ ನಾಗರಿಕ ಗೌರವವಾದ ‘ಕರ್ನಾಟಕ ರತ್ನ’ ಸ್ಥಾಪನೆಯಾದದ್ದು 1991ರಲ್ಲಿ. 50 ಗ್ರಾಂ ಚಿನ್ನದ ಪದಕ, ಪ್ರಶಸ್ತಿಪತ್ರ, ಸ್ಮರಣಿಕೆ, ಒಂದು ಶಾಲು ಇದರ ಬಾವಲಿ. ಶಾಲು ಎಂದಾಗ ಹೊಯ್ಸಳರ ಪಸಾಯ ನೆನಪಾಗುತ್ತದೆ. ಉಡುಗೊರೆ ಎಂಬ ಮಾತಿನಲ್ಲೇ ಉಡುವುದು ಅಡಗಿದೆಯಷ್ಟೆ. 1992ರಲ್ಲಿ ಮೊದಲ ಇಬ್ಬರಿಗೆ ಇದು ಸಂದಿತು: ಕುವೆಂಪು ಮತ್ತು ರಾಜ್‌ಕುಮಾರ್. ಒಬ್ಬರು ಕುಪ್ಪಳಿಯವರು. ಇನ್ನೊಬ್ಬರು ನಮ್ಮ ಕಡೆಯವರು. ನಮ್ಮ ಕಡೆ ಎನ್ನುವಾಗ ಸ್ವಲ್ಪ ತಡೆಯಬೇಕು. 1929ರಲ್ಲಿ ಮುತ್ತುರಾಜರು ಹುಟ್ಟಿದ ಗಾಜನೂರು ಚಾಮರಾಜನಗರಕ್ಕೆ ನೆರೆಯ ತಾಳವಾಡಿಯ ಸೀಮೆಯಲ್ಲಿದೆ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದಿತು, ತಾಳವಾಡಿ ಬರಲಿಲ್ಲ. ಹಾಗಾಗಿ ಕರ್ನಾಟಕದ ಈ ರತ್ನ ದೊರೆತ ನೆಲ ತಮಿಳುನಾಡಿನ ಭೂಪಟದಲ್ಲಿದೆ. ಅಲ್ಲಿಯ ಸಂತೆಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಕೇಳುವುದು ಕನ್ನಡ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇದೇ ಗಾಜನೂರಿನ ತೋಟದ ಮನೆಯಿಂದ. ಅವರು ಕಾಡಿನಲ್ಲಿದ್ದ ಆ 108 ದಿನಗಳಲ್ಲಿ ನಮ್ಮ ಊರಿನ ಚಹದ ಅಂಗಡಿಗಳಲ್ಲಿ ಯಾರೂ ‘ಕರ್ನಾಟಕ ರತ್ನ’ ಎಂದದ್ದನ್ನು ನಾನು ಕೇಳಲಿಲ್ಲ. ಪದ್ಮಭೂಷಣ, ಫಾಲ್ಕೆ ಪ್ರಶಸ್ತಿ ಯಾವುದೂ ಬಾಯಿಗೆ ಬರಲಿಲ್ಲ. ‘ಅಣ್ಣಾವ್ರು ಬಂದ್ರಾ?’ ಎಂಬುದೊಂದೇ ಪ್ರಶ್ನೆ.

ಮೂವತ್ತು ವರ್ಷಗಳ ಮೇಲೆ, 2022ರ ನವೆಂಬರ್ 1ರಂದು, ಮಗ ಪುನೀತರಿಗೆ ಮರಣೋತ್ತರವಾಗಿ ಅದೇ ಗೌರವ ಸಂದಿತು. ಅದನ್ನು ಪಡೆದವರಲ್ಲಿ ಅವರು ಹತ್ತನೆಯವರು. ವಿಧಾನಸೌಧದ ಮುಂದೆ ಮಳೆ ಸುರಿಯುತ್ತಿದ್ದರೂ ಜನ ಕದಲಲಿಲ್ಲ. ಅವರೆಲ್ಲ ಕೂಗಿದ್ದು ಮನೆಯಲ್ಲಿ ಕರೆಯುವ ‘ಅಪ್ಪು’ ಎಂಬ ಹೆಸರನ್ನು.

1966ರಿಂದ ನಡೆದು ಬಂದ ರಾಜ್ಯೋತ್ಸವ ಪ್ರಶಸ್ತಿಯ ಬಗ್ಗೆ ಒಂದು ಮಾತು. ಕೆಲವು ವರ್ಷ ಪಟ್ಟಿ ನೂರನ್ನು ದಾಟಿ ಬೆಳೆದು, ಪಡೆದವರಿಗಿಂತ ಪಡೆಯದವರನ್ನು ಗುರುತಿಸುವುದೇ ಸುಲಭವೆನ್ನುವಂತಾಗಿತ್ತು. ಆಮೇಲೆ ರಾಜ್ಯದ ವಯಸ್ಸಿನಷ್ಟೇ ಪ್ರಶಸ್ತಿಗಳೆಂಬ ಕಟ್ಟು ಬಂದಿತು. 2024ರಲ್ಲಿ 69 ಮಂದಿ. ವರ್ಷಕ್ಕೊಬ್ಬರಂತೆ ಹೆಚ್ಚುವ ಈ ಲೆಕ್ಕದಲ್ಲಿ ಯೋಗ್ಯತೆಗಿಂತ ಪಂಚಾಂಗದ ಪಾತ್ರ ದೊಡ್ಡದೆಂಬ ಅನುಮಾನ ನನ್ನದು.

ಬಸ್ಸು ಗುಂಡ್ಲುಪೇಟೆ ತಲುಪಿದರೆ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬರು ಜಿ. ಪಿ. ರಾಜರತ್ನಂ. ಅವರು ಹುಟ್ಟಿದ್ದು ರಾಮನಗರದಲ್ಲಿ. ಗುಂಡ್ಲುಪೇಟೆ ಮನೆತನದ ಊರು. ಹೆಸರಿನ ಮೊದಲ ‘ಜಿ’ ಎಂದರೆ ಗುಂಡ್ಲುಪೇಟೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆಯನ್ನು ನಾನು ಕಂಡಿದ್ದೇನೆ. ಸರ್ಕಾರವು ರತ್ನವನ್ನು ಸ್ಥಾಪಿಸುವುದಕ್ಕೆ ಬಹಳ ಮೊದಲೇ ಇವರು ಕನ್ನಡಕ್ಕೆ ಒಬ್ಬ ರತ್ನನನ್ನು ಕೊಟ್ಟಿದ್ದರು. ಹೆಂಡ ಕುಡಿಯುವವನು, ಕನ್ನಡವನ್ನು ಮಾತ್ರ ಬಿಡದವನು.

ಇನ್ನೊಬ್ಬರು ಅಬ್ದುಲ್ ನಜೀರ್ ಸಾಬ್. ಈ ಊರಿನವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಅವರ ಪಾಲಿಗೆ ಬಂದಿತು. 1987ರ ಜಿಲ್ಲಾ ಪರಿಷತ್ತುಗಳು, ಅವುಗಳಲ್ಲಿ ಹೆಂಗಸರಿಗೆ ನಾಲ್ಕನೆಯ ಒಂದು ಪಾಲು ಸ್ಥಾನ, ಇವೆಲ್ಲ ಅವರ ದುಡಿಮೆಯ ಫಲ. ಆದರೆ ಜನ ಹಿಡಿದದ್ದು ನೀರನ್ನು. ಬರದ ಆ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಕೈಪಂಪು ನಿಲ್ಲಿಸಿದ ಮಂತ್ರಿ ‘ನೀರ್ ಸಾಬ್’ ಆದರು.

ಆಗ ನಾನು ಆ ತಾಲ್ಲೂಕಿನಲ್ಲಿ ಕನ್ನಡ ಮೇಷ್ಟ್ರು. ಕನ್ನಡ ಮೇಷ್ಟ್ರೆಂದರೆ ಬಿನ್ನವತ್ತಳೆ ಬರೆಯುವವನು. ನಿವೃತ್ತರಾಗುವ ಗುಮಾಸ್ತರಿಂದ ಹಿಡಿದು ಮಠಾಧಿಪತಿಗಳವರೆಗೆ ಎಷ್ಟು ಮಂದಿಗೆ ಬರೆದೆನೋ ಲೆಕ್ಕವಿಲ್ಲ. ಒಂದು ಹಳ್ಳಿಯ ಯುವಕರು ಬಂದು, ಮಂತ್ರಿಗಳಿಗೆ ಒಪ್ಪಿಸಲು ಒಂದು ಬಿನ್ನವತ್ತಳೆ ಬೇಕೆಂದರು. ಇದ್ದ ವಿದ್ಯೆಯನ್ನೆಲ್ಲ ಸುರಿದು ‘ಅಭಿನವ ಭಗೀರಥ’ದಿಂದ ಮೊದಲುಮಾಡಿ ಹನ್ನೊಂದು ವಿಶೇಷಣಗಳನ್ನು ಜೋಡಿಸಿದೆ. ಹೊಸ ಕೈಪಂಪಿನ ಕಟ್ಟೆಯ ಮೇಲೆ ನಿಂತು ಅದನ್ನು ಅವರಿಗೆ ಓದಿ ತೋರಿಸುತ್ತಿದ್ದಾಗ, ಬಿಂದಿಗೆ ತುಂಬಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಪಂಪಿನ ಹಿಡಿಯನ್ನು ನಿಲ್ಲಿಸಿ ಕೇಳಿದಳು: ‘ಇದು ಯಾರ್ ಸುದ್ದಿ ಮೇಷ್ಟ್ರೇ?’ ಹೇಳಿದೆ. ‘ನೀರ್ ಸಾಬ್ರುದಾ? ಹಂಗಂತ ಬರೀಬಾರ್ದಾ? ನಮ್ಗೂ ತಿಳೀತಿತ್ತು’ ಎಂದು ಮತ್ತೆ ಹಿಡಿ ಒತ್ತತೊಡಗಿದಳು.

ನನಗೆ ಆಗ ಸಿಟ್ಟು ಬಂದದ್ದನ್ನು ಮುಚ್ಚಿಡುವುದಿಲ್ಲ. ‘ನೀರ್ ಸಾಬ್’ ಎಂಬುದು ಬಿನ್ನವತ್ತಳೆಯ ಭಾಷೆಯಲ್ಲ, ಗೌರವಕ್ಕೆ ಕುಂದು ಎಂದು ವಾದಿಸಿದೆ. ಹುಡುಗರು ನನ್ನ ಮಾತಿಗೆ ಒಪ್ಪಿದರು. ಸಮಾರಂಭ ಏತಕ್ಕೋ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. 1988ರಲ್ಲಿ ಅವರು ತೀರಿಕೊಂಡರು. ಈಗ ಮೈಸೂರಿನಲ್ಲಿ ಪಂಚಾಯತಿಯವರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರ ಹೆಸರಿದೆ. ನಾನು ಬರೆದ ಹಾಳೆ ನನ್ನ ಕಪಾಟಿನಲ್ಲಿಯೇ ಉಳಿಯಿತು, ಮಡಿಕೆಯ ಗೆರೆಗಳಲ್ಲಿ ಹರಿದಿದೆ. ಕಳೆದ ಬಾರಿ ತೆಗೆದು ನೋಡಿದಾಗ ಹನ್ನೊಂದು ವಿಶೇಷಣಗಳನ್ನೂ ಹೊಡೆದು, ಮೇಲೆ ಪೆನ್ಸಿಲಿನಿಂದ ಮುದುಕಿ ಹೇಳಿದ ಎರಡು ಮಾತನ್ನು ಬರೆದಿಟ್ಟೆ.