ಸುಮ್ಮ ಕೂಡ್ರದ ಹುಡುಗನ ಚರಿತ್ರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂದ ಕೂಡಲೇ ನಮಗೆ ನೆನಪಾಗೋದು ಚನ್ನಮ್ಮ, ರಾಯಣ್ಣ, ಯಲ್ಲಮ್ಮನ ಗುಡ್ಡ, 1939ರ ರಾಮದುರ್ಗದ ದಂಗೆ. ಇತಿಹಾಸ ಅಂದರೆ ಕೋಟೆ, ಕದನ, ಸಮಾಧಿ. ಅದೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ಇನ್ನೂ ಬರೀತಾರೆ. ಇವತ್ತು ನಾನು ಬರೆಯೋದು ಸಾಲಿಯಲ್ಲಿ ಒಂದು ಕಡೆ ಕೂಡದ ಹುಡುಗನ ಚರಿತ್ರೆ. ಪಾಟಿ ಎಸೆಯುವ, ಎದ್ದು ಓಡುವ, ಪಕ್ಕದವನನ್ನು ಕಚ್ಚುವ, ಇಲ್ಲವೇ ತನ್ನ ತಲೆಯನ್ನೇ ಗೋಡೆಗೆ ಬಡಿದುಕೊಳ್ಳುವ ಹುಡುಗನದು.

ಈ ತಾಲೂಕುಗಳಲ್ಲಿ ಹೊಸದಾಗಿ ವಿಶೇಷ ಶಿಕ್ಷಕರಾಗಿ ಕೆಲಸಕ್ಕೆ ಸೇರಿದವರನ್ನು ಮಾತಾಡಿಸಿ ನೋಡಿ. ಬಿಆರ್‌ಸಿಯಲ್ಲಿ ಕೂತು ಊರೂರು ಸಾಲಿ ತಿರುಗುವ ಇವರಿಗೆ ಇಲಾಖೆ ಇಟ್ಟ ಹೆಸರು ಬಿಐಇಆರ್‌ಟಿ. ತರಬೇತಿಯಲ್ಲಿ ಬ್ರೈಲ್, ಸನ್ನೆ ಭಾಷೆ, ವೈಯಕ್ತಿಕ ಶಿಕ್ಷಣ ಯೋಜನೆ ಎಲ್ಲಾ ಕಲಿತು ಬಂದಿರುತ್ತಾರೆ. ಸಾಲಿಯ ಹೊಸ್ತಿಲು ದಾಟಿದ ಮೇಲೆ ಬರುವ ಮೊದಲ ಪ್ರಶ್ನೆ ಮಾತ್ರ ಬೇರೆ: "ಇಂವನ್ನ ಸುಮ್ಮ ಕೂಡ್ಸಾಕ ಬರ್ತೈತೇನ್ರೀ ನಿಮಗ?" ಹುಡುಗ ಏನು ಕಲಿಯಬಲ್ಲ ಅನ್ನೋದು ಆಮೇಲಿನ ಮಾತು. ಮೊದಲು ಸುಮ್ಮನೆ ಕೂಡಬೇಕು.

ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕಿದರೆ ಸುಮಾರು ಇನ್ನೂರು ವರ್ಷ ಹಿಂದೆ ಹೋಗಬೇಕಾಗುತ್ತೆ.

ಅದಕ್ಕೆ ಸಿಗುವ ಒಳ್ಳೆಯ ದಾಖಲೆ ನಮ್ಮ ನಾಲ್ಕು ಊರಿನದಲ್ಲ, ಪಕ್ಕದ ಬಳ್ಳಾರಿಯದು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಗವರ್ನರ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ವರದಿ ಕಳಿಸಿದ. ಅತ್ತ ಕಿತ್ತೂರಿನಲ್ಲಿ ಥ್ಯಾಕರೆ ಸಾಯೋದಕ್ಕೆ ಇನ್ನೂ ಒಂದು ವರ್ಷದ ಮೇಲೆ ಎರಡು ತಿಂಗಳಿತ್ತು. ಕ್ಯಾಂಬೆಲ್ ಕೊಟ್ಟ ಲೆಕ್ಕ: 533 ಶಾಲೆ, 6,641 ಮಕ್ಕಳು, ಅವರಲ್ಲಿ ಹುಡುಗಿಯರು ಬರೀ 60. ಕನ್ನಡ ಶಾಲೆಗಳೇ 235. ಲೆಕ್ಕಕ್ಕಿಂತ ಸ್ವಾರಸ್ಯವಾದದ್ದು ಅವನು ಕೊಟ್ಟ ಒಳಗಿನ ಚಿತ್ರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ ಹೋಗೋದು. ಸೋಮಾರಿಗೆ ಛಡಿ ಏಟು, ಇಲ್ಲವೇ ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ತೂಗುಹಾಕೋದು, ಇಲ್ಲವೇ ಮಂಡಿಯೂರಿ ಏಳೋದು ಕೂಡೋದು ಮಾಡಿಸೋದು. ತೂಗುಹಾಕೋದಕ್ಕೆ ನಮ್ಮವರು ಇಟ್ಟ ಹೆಸರು ಕೋದಂಡ. ಏಳೋದು ಕೂಡೋದು ನಮ್ಮ ಬಸ್ಕಿಗೆ ಅಣ್ಣನೋ ತಮ್ಮನೋ ಇರಬೇಕು :) (ನಿಮ್ಮ ಕಡೆಯ ಶಿಕ್ಷೆಗಳಿಗೆ ಬೇರೆ ಹೆಸರಿದ್ದರೆ ತಿಳಿಸಿ, ಕೂಡಿಸಿಡೋಣ.)

ಇಷ್ಟನ್ನೇ ಓದಿ "ಅಯ್ಯೋ ನಮ್ಮ ಗಾಂವಠಿ ಶಾಲೆಗಳು ಎಷ್ಟು ಕ್ರೂರ" ಅಂದುಕೊಳ್ಳಬೇಡಿ. ಅದೇ ಕಾಲದ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅನ್ನುವ ಸುಧಾರಕ ಬೆತ್ತ ಬೇಡ ಅಂತ ಸಾರುತ್ತಲೇ ಹುಡುಗರ ಕೊರಳಿಗೆ ಕಟ್ಟಿಗೆಯ ಕೊರಡು ಕಟ್ಟಿಸುತ್ತಿದ್ದ, ಬುಟ್ಟಿಯಲ್ಲಿ ಕೂಡಿಸಿ ಮಾಡಿಗೆ ಏರಿಸುತ್ತಿದ್ದ. ಕೋದಂಡಕ್ಕೆ ಅಲ್ಲೂ ನೆಂಟರಿದ್ದರು!

ನನಗೆ ಮುಖ್ಯ ಅನಿಸೋದು ಆ ವರದಿಯ ಇನ್ನೊಂದು ಮಾತು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರಂತೆ. ಒಂದರಿಂದ ಇನ್ನೊಂದಕ್ಕೆ ಹೋಗೋದು ಹುಡುಗನ ಶಕ್ತಿ ಮತ್ತು ಪ್ರಗತಿ ನೋಡಿ, ವಯಸ್ಸು ನೋಡಿ ಅಲ್ಲ. ಕೆಳಗಿನ ಗುಂಪಿಗೆ ಮೇಲಿನ ಹುಡುಗರೇ ಪಾಠ ಹೇಳೋದು, ಮಾಸ್ತರರು ಎಲ್ಲರ ಮೇಲೂ ಒಂದು ಕಣ್ಣಿಡೋದು. ಬೆರಳಿನಿಂದ ಉಸುಕಿನ ಮೇಲೆ ಬರೆಯೋದು, ಜೋರಾಗಿ ಬಾಯಿಪಾಠ ಒಪ್ಪಿಸೋದು. ಅಂದರೆ ಸಾಲಿ ಅಂದರೇನೇ ಗದ್ದಲ. ನಿಧಾನ ಕಲಿಯುವವನು ಎರಡು ವರ್ಷ ಉಸುಕಿನಲ್ಲೇ ಉಳಿದರೆ ಯಾರ ಲೆಕ್ಕವೂ ತಪ್ಪುತ್ತಿರಲಿಲ್ಲ. ಇವತ್ತು ವಿಶೇಷ ಶಿಕ್ಷಕರಿಗೆ ತರಬೇತಿಯಲ್ಲಿ ಹೇಳಿಕೊಡುವ "ಸಹಪಾಠಿ ಬೋಧನೆ", "ಬಹು ಇಂದ್ರಿಯ ಕಲಿಕೆ" ಇವುಗಳ ಹಳೇ ರೂಪ ಇಲ್ಲೇ ಇದೆ. ಮದ್ರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಉಸುಕಿನ ಬರವಣಿಗೆಯನ್ನು ಇಲ್ಲಿನ ಮಕ್ಕಳಿಂದಲೇ ಎತ್ತಿಕೊಂಡು, ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವ ಪದ್ಧತಿಯ ಜೊತೆ ಸೇರಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಮಾಡಿದ. ಹಾಗಂತ ಹಳೇ ಶಾಲೆ ಸ್ವರ್ಗ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಯಾವ ಜಾತಿಯವರಿಗೆ ಅದರ ಬಾಗಿಲು ಮುಚ್ಚಿತ್ತು ಅನ್ನೋದು ಎಲ್ಲರಿಗೂ ಗೊತ್ತು.

ಆಮೇಲೆ ನಮ್ಮ ಕಡೆ ಬಾಂಬೆ ಪ್ರಾಂತ್ಯದ ಸರ್ಕಾರಿ ಶಾಲೆ ಬಂತು. (ಹಳೇ ಕಾಗದ ಹುಡುಕುವವರಿಗೆ ಒಂದು ಮಾತು: ಬೈಲಹೊಂಗಲ, ಕಿತ್ತೂರಿನ ಸುದ್ದಿ "ಸಂಪಗಾಂವ" ತಾಲೂಕಿನ ಕೆಳಗೆ ಸಿಗುತ್ತೆ, ಸವದತ್ತಿ "ಪರಸಗಡ" ಆಗಿರುತ್ತೆ, ರಾಮದುರ್ಗವಂತೂ 1948ರವರೆಗೆ ಭಾವೆ ಮನೆತನದ ಸಂಸ್ಥಾನ.) ಹೊಸ ಶಾಲೆಯ ಜೊತೆ ಇಯತ್ತೆ ಬಂತು, ಹಾಜರಿ ಪುಸ್ತಕ ಬಂತು, ವೇಳಾಪತ್ರಿಕೆ ಬಂತು, ಕೊನೆಗೆ ಮುಲ್ಕಿ ಪರೀಕ್ಷೆ ಬಂತು. ವರ್ಷಕ್ಕೊಮ್ಮೆ ಡೆಪ್ಯುಟಿ ಸಾಹೇಬರು. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿನ ಹಿಂದಿರೋದು ಇದೇ ಹುದ್ದೆ. ಅವರಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು, ಆ ಮಾತು ಬೇರೆ. ಅನುದಾನ ಪಡೆಯುವ ಶಾಲೆಗಳಿಗೆ ಎಷ್ಟು ಹುಡುಗರು ಪಾಸಾದರು ಅಂತ ನೋಡಿ ಹಣ ಕೊಡುವ ಪದ್ಧತಿಯೂ ಇತ್ತು. ಈಗ ಯೋಚಿಸಿ, ನಿಧಾನ ಕಲಿಯುವ ಹುಡುಗ ಏನಾದ? ಮೊದಲು ಉಸುಕಿನ ಗುಂಪಿನಲ್ಲಿ ಉಳಿದವನು ಈಗ ಲೆಕ್ಕದಲ್ಲಿ ನಷ್ಟ. ಮೊದಲು ಗದ್ದಲದಲ್ಲಿ ಕಾಣದೆ ಹೋಗುತ್ತಿದ್ದವನು ನಿಶ್ಶಬ್ದ ಕೋಣೆಯಲ್ಲಿ ಎದ್ದು ಕಾಣತೊಡಗಿದ. "ಸುಮ್ಮ ಕೂಡ್ರು" ಅನ್ನೋದು ಶಾಲೆಯ ಮೊದಲ ಪಾಠ ಆದದ್ದು ಈ ಹೊತ್ತಿಗೆ ಅಂತ ನನ್ನ ಅಂದಾಜು. ಛಡಿ ಮಾತ್ರ ಹಳೇ ಶಾಲೆಯಿಂದ ಹೊಸದಕ್ಕೆ ಹಾಗೇ ದಾಟಿಕೊಂಡು ಬಂತು. ದಂಡಂ ದಶಗುಣಂ!

ಸರ್ಕಾರಕ್ಕೆ ಈ ಮಕ್ಕಳು ಇರೋದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1872ರಿಂದ 1931ರವರೆಗಿನ ಜನಗಣತಿಗಳಲ್ಲಿ ಕುರುಡರು, ಕಿವುಡ-ಮೂಗರು, ಹುಚ್ಚರು, ಕುಷ್ಠರು ಅಂತ ಎಣಿಕೆ ಇತ್ತು. ಎಣಿಸೋದು ಆಯಿತು, ಕಲಿಸೋದು ಆಗಲಿಲ್ಲ. ಕಡ್ಡಾಯ ಶಿಕ್ಷಣದ ಕಾಯ್ದೆಗಳು ಬಂದಾಗಲೂ ರೋಗ, ಅಂಗವೈಕಲ್ಯ ಇವು ಶಾಲೆಗೆ ಬಾರದೇ ಇರಲು ಒಪ್ಪತಕ್ಕ ಕಾರಣಗಳ ಪಟ್ಟಿಯಲ್ಲಿದ್ದವು. ವಿನಾಯಿತಿ ಅಂತ ಹೆಸರು. ಯಾರಿಗೆ ವಿನಾಯಿತಿ, ಮಗುವಿಗೋ ಶಾಲೆಗೋ?

ಕಿವುಡ ಮಕ್ಕಳಿಗೆ ಮುಂಬೈಯಲ್ಲಿ 1885ರ ಹೊತ್ತಿಗೆ ಶಾಲೆ ಆಯಿತು, ಅಂಧ ಮಕ್ಕಳಿಗೆ ದಾದರಿನಲ್ಲಿ 1900ರಲ್ಲಿ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಶುರು ಮಾಡಿದರು. ಸಂಪಗಾಂವದ ರೈತನಿಗೆ ಇವೆಲ್ಲ ದೂರ. ಹತ್ತಿರ ಅಂದರೆ ರಾಮದುರ್ಗದಿಂದ ನರಗುಂದದ ಮೇಲೆ ಹೋದರೆ ಸಿಗುವ ಗದಗ. ಅಲ್ಲಿ ಪಂಚಾಕ್ಷರ ಗವಾಯಿಗಳು (1892-1944), ಅವರ ನಂತರ ಪುಟ್ಟರಾಜ ಗವಾಯಿಗಳು (1914-2010), ತಾವು ಅಂಧರಾಗಿದ್ದು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ವೀರೇಶ್ವರ ಪುಣ್ಯಾಶ್ರಮವನ್ನು ನಾವು ಸಂಗೀತದ ಚರಿತ್ರೆಯಲ್ಲಿ ಸೇರಿಸುತ್ತೇವೆ, ಶಿಕ್ಷಣದ ಚರಿತ್ರೆಯಲ್ಲಿ ಯಾಕೆ ಸೇರಿಸೋದಿಲ್ಲವೋ ಕಾಣೆ. ಉತ್ತರ ಕರ್ನಾಟಕದ ವಿಶೇಷ ಶಿಕ್ಷಣದ ಪುಸ್ತಕ ಯಾರಾದರೂ ಬರೆದರೆ ಮೊದಲ ಅಧ್ಯಾಯ ಅದೇ ಆಗಬೇಕು.

ಬುದ್ಧಿಯ ಬೆಳವಣಿಗೆ ನಿಧಾನ ಆದ ಮಗುವಿಗೆ ಮಾತ್ರ ಗದಗಿನಂಥ ಜಾಗವೂ ಇರಲಿಲ್ಲ. ಮನೆ, ದೇವರ ಹರಕೆ, ದೊಡ್ಡವನಾಗಿ ಕೈಮೀರಿದರೆ ಧಾರವಾಡದ ಹುಚ್ಚಾಸ್ಪತ್ರೆ. ಜನ ಎರಡನ್ನೂ ಒಂದೇ ಅಂದುಕೊಂಡರು ಅಂತ ದೂರಿ ಉಪಯೋಗವಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತಿತ್ತು. 1912ರ ಲೂನಸಿ ಕಾಯ್ದೆಯಲ್ಲಿ ಹುಚ್ಚ ಅನ್ನುವ ಪದದ ಅರ್ಥದೊಳಗೇ ಬುದ್ಧಿಮಾಂದ್ಯನೂ ಸೇರಿದ್ದ. ಇವರಿಬ್ಬರನ್ನೂ ಕಾಯ್ದೆ ಬೇರೆ ಮಾಡಿದ್ದು 1987ರಲ್ಲಿ! ಹುಚ್ಚ ಅಂದ ಮೇಲೆ ಅವನು ಮಾಡಿದ್ದಕ್ಕೆ ಕಾರಣ ಯಾರು ಹುಡುಕುತ್ತಾರೆ? ಕಟ್ಟಿಹಾಕೋದು, ಹೊಡೆಯೋದು, ಇಲ್ಲವೇ ಬಿಟ್ಟುಬಿಡೋದು.

ಕಾರಣ ಹುಡುಕಬೇಕು ಅನ್ನೋದನ್ನು ನಮ್ಮ ದೇಶದ ವಿಶೇಷ ಶಿಕ್ಷಕರ ಕೈಗೆ ಕೊಟ್ಟದ್ದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಸ್ಥಾಪನೆ 1984. ಅಲ್ಲಿಯ ರೀತಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದರು. ಅದರ ಜೊತೆಗಿನ ಅಳತೆಪಟ್ಟಿಯಲ್ಲಿ 75 ಸಮಸ್ಯೆ ವರ್ತನೆಗಳನ್ನು ಹತ್ತು ಗುಂಪಿನಲ್ಲಿ ಇಟ್ಟಿದ್ದಾರೆ: ಹೊಡೆಯೋದು ಒಡೆಯೋದು, ರಂಪ, ತನಗೇ ಪೆಟ್ಟು ಮಾಡಿಕೊಳ್ಳೋದು, ಮಾಡಿದ್ದನ್ನೇ ಮಾಡೋದು, ಭಯ ಹೀಗೆ. ಅದರ ತಿರುಳು ಸರಳ. "ಇವನು ತುಂಟ" ಅಂತ ಬರೆಯಬೇಡಿ, ಏನು ಮಾಡಿದ ಅಂತ ಬರೆಯಿರಿ. ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಅಂತ ಬರೆಯಿರಿ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಹುಡುಗನೊಬ್ಬ ಪ್ರತಿ ದಿನ ಗಣಿತದ ಹೊತ್ತಿಗೆ ಪಾಟಿ ಎಸೆಯುತ್ತಾನೆ. ಮಾಸ್ತರರು ಹೊರಗೆ ಕಳಿಸುತ್ತಾರೆ. ಹೊರಗೆ ಬೇವಿನ ಮರದ ನೆರಳಿದೆ, ಬಿಸಿಯೂಟದ ಕೋಣೆಯಿಂದ ಘಮ ಬರುತ್ತಿದೆ. ಮಾಸ್ತರರ ಲೆಕ್ಕದಲ್ಲಿ ಇದು ಶಿಕ್ಷೆ. ಹುಡುಗನ ಲೆಕ್ಕದಲ್ಲಿ? ನಾಳೆಯೂ ಪಾಟಿ ಎಸೆಯುತ್ತಾನೆ, ಎಸೆಯದೇ ಏನು ಮಾಡಿಯಾನು! ಅಮೆರಿಕದ ಕಾರ್ ಮತ್ತು ಡ್ಯೂರಂಡ್ 1985ರಲ್ಲಿ ತೋರಿಸಿದ್ದೂ ಇದನ್ನೇ. ಕಷ್ಟದ ಪಾಠದಿಂದ ತಪ್ಪಿಸಿಕೊಳ್ಳಲು ರಂಪ ಮಾಡುವ ಮಗುವಿಗೆ "ನನಗೆ ತಿಳೀವಲ್ದು" ಅಂತ ಸಹಾಯ ಕೇಳೋದನ್ನು ಕಲಿಸಿದರೆ ರಂಪ ತಾನಾಗಿ ಕಡಿಮೆಯಾಗುತ್ತೆ. ಮಾತು ಬಾರದಿದ್ದರೆ ಒಂದು ಚಿತ್ರದ ಕಾರ್ಡು, ಕೈಸನ್ನೆ ಆದರೂ ಸಾಕು. ಹೊಸ ಶಿಕ್ಷಕರಿಗೆ ಮೊದಲ ಎರಡು ವಾರ ಬೇಕಾದದ್ದು ಇಷ್ಟೇ: ಒಂದು ನೋಟ್‌ಬುಕ್ಕು, ಮೂರು ಕಾಲಂ, ಮತ್ತೆ ಹೆಡ್ ಮಾಸ್ತರರ ತಾಳ್ಮೆ. ಕೊನೆಯದು ಸಿಗೋದೇ ಕಷ್ಟ. ಹತ್ತಾರು ಸಾಲಿ ನೋಡಿಕೊಳ್ಳುವವರಿಗೆ ಒಂದೇ ಸಾಲಿಯಲ್ಲಿ ಎರಡು ವಾರ ಎಲ್ಲಿಂದ ಬರಬೇಕು? ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2021ರ ಅಕ್ಟೋಬರಿನಲ್ಲಿ.

ಛಡಿಯ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಕನಿಷ್ಠ ಕಾಗದದ ಮೇಲೆ, ಮುಗಿಯಿತು. 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ನನ್ನ ಆತಂಕ ಈಗ ಛಡಿಯದ್ದಲ್ಲ, ಆ ಹಳೇ ವಿನಾಯಿತಿಯದ್ದು. 2012ರ ತಿದ್ದುಪಡಿಯಲ್ಲಿ ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಅವಕಾಶ ಬಂತು. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಅದು ದೊಡ್ಡ ಆಸರೆ. ಆದರೆ ಕಚ್ಚುವ, ಓಡುವ, ಕಿರುಚುವ ಹುಡುಗನನ್ನೂ ಅದೇ ಬಾಗಿಲಿನಿಂದ ಹೊರಗೆ ಕಳಿಸೋದು ಬಹಳ ಸುಲಭ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ, ಹಾಜರಿಯಲ್ಲಿ ಹೆಸರೂ ಇದೆ. ತಾಯಿಗೂ "ಮನೀಗೇ ಬಂದು ಕಲಸ್ತಾರ" ಅಂತ ಸಮಾಧಾನ. ಕೂಲಿಗೆ ಹೋಗುವ ದಿನ ಅವನನ್ನು ಯಾರ ಹತ್ತಿರ ಬಿಡಬೇಕು ಅನ್ನೋದು ಮಾತ್ರ ಅವಳ ತಲೆನೋವು.

ಹೊಸದಾಗಿ ಸೇರಿದ ಗೆಳೆಯ ಗೆಳತಿಯರು ತಮ್ಮ ಬ್ಲಾಕಿನ ಮನೆಯಾಧಾರಿತ ಮಕ್ಕಳ ಪಟ್ಟಿ ತೆಗೆದು ಒಮ್ಮೆ ನೋಡಬೇಕು. ನಡೆಯಲಾಗದೆ ಮನೆಯಲ್ಲಿರುವ ಮಕ್ಕಳೆಷ್ಟು, ಸುಮ್ಮ ಕೂಡ್ರದ್ದಕ್ಕೆ ಮನೆಯಲ್ಲಿರುವವರೆಷ್ಟು. ಕಾಯ್ದೆಯಲ್ಲಿ ಆ ಆಯ್ಕೆ ಮಗುವಿನದು ಅಂತ ಬರೆದಿದೆ, ಶಾಲೆಯದು ಅಂತ ಬರೆದಿಲ್ಲ. ಎರಡನೇ ಗುಂಪಿನಲ್ಲಿ ಒಬ್ಬನೇ ಇದ್ದರೂ ಆ ಮೂರು ಕಾಲಮ್ಮಿನ ನೋಟ್‌ಬುಕ್ಕನ್ನು ಅವನಿಂದಲೇ ಶುರು ಮಾಡಬಹುದು.